ಅತ್ತೆಯ ಪುಕ್ಕಟೆ ಬಂದೂಕು

ನಮ್ಮ ಅತ್ತೆ ಇಲ್ಲಿಯವರೆಗೆ ಎಷ್ಟು ಜನರನ್ನು ಗುಂಡಿಟ್ಟು ಕೆಡವಿದ್ದಾಳೆಂದು ಕೇಳಿದರೆ ಅವಳು ಹೇಳಲಾರಳು. ನಾನೂ ಹೇಳಲಾರೆ. ಏಕೆಂದರೆ ಆ ಹೊತ್ತಿಗೆ ಸಾಮಾನ್ಯವಾಗಿ ನಾನು ಸತ್ತಿರುತ್ತೇನೆ.

ಗಾಬರಿಯಾಗಬೇಡಿ, ಇದು ಮೊಬೈಲಿನೊಳಗಿನ ಯುದ್ಧ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವು ಮೂವರು ಮೂರು ಊರುಗಳಲ್ಲಿ ಕುಳಿತು ಒಂದೇ ತಂಡವಾಗಿ ರಣರಂಗಕ್ಕೆ ಇಳಿಯುತ್ತೇವೆ. ಸವಣೂರು ತಾಲೂಕಿನ ಯಲವಿಗಿಯಿಂದ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ. ಹಾನಗಲ್ಲಿನಿಂದ, ಅಲ್ಲಿಗೆ ಕೊಟ್ಟಿರುವ ಅವಳ ಮಗಳು. ಶಿಗ್ಗಾಂವಿಯಿಂದ ನಲವತ್ತು ದಾಟಿದರೂ ಬುದ್ಧಿ ಬಾರದ ನಾನು. ತಂಡಕ್ಕೆ ನಾಲ್ವರು ಬೇಕು. ನಾಲ್ಕನೆಯ ಜಾಗಕ್ಕೆ ಆಟವೇ ಯಾರೋ ಅಪರಿಚಿತನನ್ನು ತಂದು ಕೂಡಿಸುತ್ತದೆ. ಆದರೆ ಆ ಜಾಗ ಯಾರದೆಂದು ನಮಗೆಲ್ಲ ಗೊತ್ತು. ಹಿರೇಕೆರೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಪ್ಪನದು. ಅಪ್ಪನೂ ಅತ್ತೆಯೂ ಮಾತು ಬಿಟ್ಟು ವರ್ಷಗಳಾದವು.

ಕಾರಣ ಇಷ್ಟೇ. ಅತ್ತೆಯ ಮಗಳ ಮದುವೆಯಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವನಾದ ಅಪ್ಪ. ನಾವು ಯಲವಿಗಿ ಮುಟ್ಟುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತೆಂದು ಬೇರೆ ಯಾರೋ ಕರೆತಂದಾಗಿತ್ತು. ರೈಲ್ವೆ ಗೇಟು ಬಿದ್ದಿತ್ತು, ಒಂದಿಷ್ಟು ಕಾಯಲಾಗಲಿಲ್ಲವೇ ಎಂದು ಅಪ್ಪ. ಗೇಟು ಬೀಳುವ ಮೊದಲೇ ಬಂಕಾಪುರದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದನೆಂದು ಅತ್ತೆ. ಸಾಕ್ಷಿ ಹೇಳಬೇಕಾದವನು ನಾನು, ಅದೇ ಗಾಡಿಯಲ್ಲಿದ್ದೆ. ನನ್ನ ನೆನಪಿನಲ್ಲಿ ಗೇಟೂ ಇದೆ, ಚಹಾವೂ ಇದೆ. ಇಬ್ಬರ ಜಗಳವನ್ನು ಇಷ್ಟು ಸಲ ಕೇಳಿದ್ದೇನೆಂದರೆ, ನಾನು ಕಂಡದ್ದು ಯಾವುದು, ಕೇಳಿಸಿಕೊಂಡದ್ದು ಯಾವುದು ಎಂದು ಈಗ ದೇವರಾಣೆ ತಿಳಿಯದು. ಆ ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು ಎಂಬುದೂ ನೆನಪಿದೆ. ಇದರಿಂದ ನನ್ನ ನೆನಪಿನ ಯೋಗ್ಯತೆ ನಿಮಗೆ ತಿಳಿಯಬಹುದು.

ಇರಲಿ, ಬಂದೂಕಿನ ವಿಷಯಕ್ಕೆ ಬರೋಣ. ಈ ಆಟಕ್ಕೆ ಸೇರಿದ ದಿನವೇ ಎಲ್ಲರಿಗೂ ಒಂದು ರೈಫಲ್ ಪುಕ್ಕಟೆ ಸಿಗುತ್ತದೆ. ಅದಕ್ಕೆ ಬಣ್ಣವಿಲ್ಲ, ದುರ್ಬೀನಿಲ್ಲ, ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಗತ್ತಿಲ್ಲ. ಆಡುತ್ತ ಆಡುತ್ತ ಮೇಲಿನ ದರ್ಜೆಯ ಬಂದೂಕುಗಳು ದಕ್ಕುತ್ತವೆ, ಮರ್ಯಾದಸ್ಥರು ಹಳೆಯದನ್ನು ಎಸೆದು ಮುಂದೆ ಹೋಗುತ್ತಾರೆ. ನಾನು ಮರ್ಯಾದಸ್ಥ. ನನ್ನ ಕೈಯಲ್ಲಿರುವುದು ಬಂಗಾರದ ಬಣ್ಣದ, ಗುಂಡಿನ ಮಳೆಗರೆಯುವ ಯಂತ್ರ. ಅತ್ತೆ ಮಾತ್ರ ಮೊದಲ ದಿನದ ರೈಫಲ್ಲನ್ನು ಇಂದಿಗೂ ಬಿಟ್ಟಿಲ್ಲ.

"ಅತ್ತಿ, ಅದನ್ನ ಬದಲ ಮಾಡು. ಚೊಲೋವು ಬೇಕಾದಷ್ಟು ಅದಾವ," ಎಂದು ಒಮ್ಮೆ ಉಪದೇಶ ಮಾಡಿದೆ.

"ನಿಂದು ಮೆರವಣಿಗಿಗೆ ಭಾಳ ಚಂದ ಐತಿ," ಎಂದಳು. "ಲಡಾಯಿಗೆ ಯಾಕ ತರ್ತಿ?"

ಅವಳ ಕ್ರಮವೇ ಬೇರೆ. ಓಡುತ್ತ ಹೊಡೆಯುವುದಿಲ್ಲ. ತೀರ ಹತ್ತಿರ ಹೋಗುವುದಿಲ್ಲ, ತೀರ ದೂರದವನಿಗೆ ಗುಂಡು ದಂಡ ಮಾಡುವುದಿಲ್ಲ. ಒಂದು ಗೋಡೆಯ ಮಗ್ಗುಲಿಗೆ ಕುಳಿತು, ಬಂದೂಕನ್ನು ಎದೆಯ ಮಟ್ಟಕ್ಕೆ ಹಿಡಿದು, ಶತ್ರು ಬರಲೇಬೇಕಾದ ಮೂಲೆಯನ್ನು ನೋಡುತ್ತಿರುತ್ತಾಳೆ. ಅವನು ಬಂದನೋ, ಎರಡು ಗುಂಡು. ಬಂದೂಕಿನ ಮೂತಿ ಮೇಲೆ ಜಿಗಿಯುತ್ತದೆ. ಅದು ಕೆಳಗೆ ಇಳಿಯುವ ತನಕ ತಾಳುತ್ತಾಳೆ. ಆಮೇಲೆ ಇನ್ನೊಂದು. ಎರಡು, ತಾಳು, ಒಂದು. ಗುಂಡು ತುಂಬಬೇಕಾದರೆ ಗೋಡೆಯ ಹಿಂದೆ ಸರಿದು ಸಾವಕಾಶವಾಗಿ ತುಂಬುತ್ತಾಳೆ. ನಾನಾದರೋ ಒತ್ತಿದ ಬೆರಳನ್ನು ತೆಗೆಯುವವನೇ ಅಲ್ಲ. ಮೊದಲ ಗುಂಡು ಶತ್ರುವಿನ ಕಡೆಗೆ, ಉಳಿದವೆಲ್ಲ ಮೋಡಗಳ ಕಡೆಗೆ.

"ಇದನ್ನ ಯಾರ ಕಲಿಸಿದ್ರು ನಿನಗ?"

"ಹಕ್ಕಿ ಕಲಿಸಿದ್ವು."

ಅವಳು ಹುಡುಗಿಯಾಗಿದ್ದಾಗ, ಜೋಳದ ತೆನೆ ಹಾಲುಗಟ್ಟುವ ದಿನಗಳಲ್ಲಿ, ಹೊಲದ ಅಟ್ಟಣಿಗೆಯ ಮೇಲೆ ಕುಳಿತು ಡಬ್ಬಿ ಬಡಿದು ಹಕ್ಕಿ ಓಡಿಸುತ್ತಿದ್ದಳಂತೆ. "ಸುಮ್ನ ಬಡಕೋತ ಕುಂತ್ರ ಹಕ್ಕಿಗೆ ರೂಢಿ ಆಗಿಬಿಡ್ತೈತಿ. ನಡುವ ತಡದು ಬಡಿಬೇಕು. ಎರಡ ಬಡದು, ತಡದು, ಒಂದು. ಆ ತುದಿ ಅಟ್ಟಣಿಗಿಂದ ನಿಮ್ಮಪ್ಪನೂ ಹಂಗ ಬಡೀತಿದ್ದ. ನಾ ಎಚ್ಚರ ಅದೇನಿ ಅಂತ ನನಗ ತಿಳಿಸಾಕ." ಇಷ್ಟು ಹೇಳಿ, 'ನಿಮ್ಮಪ್ಪ' ಎಂದು ಬಾಯಿಂದ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟಾದವಳಂತೆ, "ಆಡ ನೀ, ಸಾಕು," ಎಂದಳು.

ಹಕ್ಕಿ ಕಾಯ್ದವಳಿಗೆ ಯುದ್ಧ ಕಲಿಸುವುದರಲ್ಲಿ ಒಂದು ತೊಡಕಿದೆ. ಶತ್ರುವನ್ನು ಓಡಿಸಿದರೆ ಕೆಲಸ ಮುಗಿಯಿತೆಂದು ಅವಳ ನಂಬಿಕೆ. ಒಮ್ಮೆ ಒಬ್ಬ ಗಾಯಗೊಂಡು ಕುಂಟುತ್ತ ಓಡುತ್ತಿದ್ದ.

"ಹೊಡಿ ಅತ್ತಿ, ಹೊಡಿ!"

"ಎದ್ದ ಹೊಂಟೈತಲ್ಲ, ಬಿಡು."

ಎದ್ದು ಹೊರಟದ್ದು ಮರದ ಮರೆಯಲ್ಲಿ ಔಷಧ ಹಚ್ಚಿಕೊಂಡು, ಸುತ್ತು ಹಾಕಿ ಬಂದು, ಹಿಂದಿನಿಂದ ನನ್ನನ್ನು ಕೊಂದಿತು.

"ನೀ ಅಲ್ಲಿ ಯಾಕ ನಿಂತಿದ್ದಿ?" ಎಂದು ನನಗೇ ಬೈಗುಳ.

ಇನ್ನು ಗುಂಡು ಹಾರಿಸುವ ಮೊದಲು ಅವಳು ಮೈಕಿನಲ್ಲಿ "ಹೋಯ್, ಹೋಯ್" ಎಂದು ಕೂಗುತ್ತಾಳೆ. ಹಾನಗಲ್ಲಿನ ಮಗಳು ಕಿವಿ ಮುಚ್ಚಿಕೊಂಡು, "ಅವ್ವಾ, ಅದು ನಮ್ಮ ತಂಡಕ್ಕಷ್ಟ ಕೇಳ್ತೈತಿ, ವೈರಿಗೆ ಕೇಳೂದಿಲ್ಲ," ಎಂದಳು.

"ಹಂಗಾರ ನಾವು ಬಂದೇವಿ ಅಂತ ಅವರಿಗೆ ಹೆಂಗ ತಿಳೀತೈತಿ?"

"ಗುಂಡ ಬಿದ್ದ ಮ್ಯಾಲೆ ತಿಳೀತೈತಿ."

"ಅದು ಆಮ್ಯಾಲಿನ ಮಾತು. ಮೊದಲ ಹೇಳೂದು ಬ್ಯಾಡ?"

ಇಂಥ ಅತ್ತೆಯನ್ನು ಅಪ್ಪನೊಂದಿಗೆ ಕೂಡಿಸಲು ನಾನೊಂದು ಯೋಜನೆ ಹಾಕಿದೆ. ಹಿರೇಕೆರೂರಿಗೆ ಹೋಗಿ, ಗೊಬ್ಬರದ ಚೀಲದ ಮೇಲೆ ಕುಳಿತು ಅಪ್ಪನಿಗೆ ಆಟ ಕಲಿಸಿದೆ. ಅವನನ್ನು ಯಾರೋ ಅಪರಿಚಿತನಂತೆ ತಂಡಕ್ಕೆ ಸೇರಿಸುವುದು, ನಾಲ್ಕಾರು ವಾರ ಒಟ್ಟಿಗೆ ಗೆಲ್ಲಿಸುವುದು, ಆಮೇಲೆ ಗುಟ್ಟು ಬಿಚ್ಚಿ ಇಬ್ಬರ ಕಣ್ಣೀರಿನ ನಡುವೆ ನಾನು ವಿನಯದಿಂದ ನಿಲ್ಲುವುದು. ವಿನಯವನ್ನು ಅಭ್ಯಾಸ ಕೂಡ ಮಾಡಿಕೊಂಡಿದ್ದೆ.

"ತಂಡದಾಗ ಯಾರ್ಯಾರ ಇರ್ತಾರ?" ಎಂದ ಅಪ್ಪ.

"ಗೆಳೆಯರು."

"ಯಲವಿಗಿ ಗೆಳೆಯರೇನು?"

ನಾನು ಮೊಬೈಲ್ ಒರೆಸುತ್ತ ಕುಳಿತೆ. ಅಪ್ಪ ಗಿರಾಕಿಯೊಬ್ಬನಿಗೆ ಬೀಜದ ಪೊಟ್ಟಣ ಕೊಟ್ಟು ಬಂದು, "ಮೈಕ್ ಬಂದ್ ಮಾಡಿ ಕೊಡು ಮತ್ತ," ಎಂದ. ಬಂದ್ ಮಾಡಿ ಕೊಟ್ಟೆ.

ಆ ಭಾನುವಾರ ನಾಲ್ವರೂ ಇಳಿದೆವು. ಮುಂದಿನದು ಹೀಗೆಯೇ ನಡೆಯಿತೆಂದು ಹೇಳುವಾಗ ನನಗೇ ಅನುಮಾನ. ನಡೆದದ್ದಕ್ಕಿಂತ ಇದು ಚಂದ ಕಾಣುತ್ತಿದೆ. ಆದರೆ ಹಾನಗಲ್ಲಿನವಳೂ ಇದನ್ನೇ ಹೇಳುತ್ತಾಳೆ, ಅವಳಿಗೆ ಅಲಂಕಾರ ಬರುವುದಿಲ್ಲ.

ಹೊಸಬನಾದ್ದರಿಂದ ಅಪ್ಪನ ಕೈಯಲ್ಲಿದ್ದದ್ದೂ ಅದೇ ಪುಕ್ಕಟೆ ರೈಫಲ್. ಅವನು ದಾರಿ ತಪ್ಪಿ ಎಲ್ಲೋ ಹಿಂದೆ ಉಳಿದಿದ್ದ. ದೂರದಲ್ಲಿ ಗುಂಡಿನ ಸದ್ದಾಯಿತು. ಎರಡು. ಸ್ವಲ್ಪ ತಡೆದು, ಒಂದು.

ಅತ್ತೆಯ "ಹೋಯ್" ಅರ್ಧಕ್ಕೆ ನಿಂತಿತು.

"ಈ ನಾಕನೇ ಅಂವ ಯಾರು?"

"ಯಾರೋ ಹೊಸಬ, ಅತ್ತಿ."

"ಹೊಸಬ ಏನು," ಎಂದಳು. ನನ್ನ ನಾಲ್ಕಾರು ವಾರದ ಯೋಜನೆ ಮೂರು ಗುಂಡಿಗೆ ಸತ್ತಿತು.

ಈ ಆಟದಲ್ಲಿ ನೆಲ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ. ಹೊತ್ತಿಗೆ ಸರಿಯಾಗಿ ಒಳಗೆ ಸೇರದವನು ಸತ್ತಂತೆ. ನಾವು ಮೂವರು ಒಂದು ಸೇತುವೆ ದಾಟಬೇಕಿತ್ತು. ನಾನು ಬಂಗಾರದ ಬಂದೂಕಿನೊಂದಿಗೆ ಎಲ್ಲರಿಗಿಂತ ಮುಂದೆ ಓಡಿ, ಎಲ್ಲರಿಗಿಂತ ಮೊದಲು ಸತ್ತೆ. ಸತ್ತವರಿಗೆ ಉಳಿದವರ ಆಟ ನೋಡುವ ಸೌಲಭ್ಯವಿದೆ. ಮಗಳು ದಾಟಿದಳು. ಅತ್ತೆ ಮಾತ್ರ ಸೇತುವೆಯ ಬಾಯಲ್ಲಿ ಕುಳಿತುಬಿಟ್ಟಳು.

"ಅವ್ವಾ, ದಾಟು. ಹೊತ್ತ ಮೀರಾಕತ್ತೈತಿ."

"ನೀ ಹೋಗು. ಅಂವ ಇನ್ನೂ ಬಂದಿಲ್ಲ."

"ಅಂವಗ ಕಾದ್ರ ನಾವು ಸೋಲ್ತೇವಿ."

"ಸೋಲಲಿ ಬಿಡು. ಒಮ್ಮಿ ಕಾಯಲಾರದ ಗೆದ್ದದ್ದ ಸಾಕಾಗೈತಿ."

ಯಾವ ಮದುವೆಯ ಮುಹೂರ್ತದಲ್ಲಿ ಕಾಯಲಿಲ್ಲವೋ ಆ ಮದುವೆಯ ಮದುಮಗಳು ಸೇತುವೆಯ ಆಚೆ ತಾನೂ ಕಾಯುತ್ತ ಕುಳಿತಳು. ಅಪ್ಪ ದೂರದ ದಿಬ್ಬದ ಮೇಲೆ ಎಡವಟ್ಟಾಗಿ ಓಡಿಬರುತ್ತಿದ್ದ, ಬೆನ್ನ ಹಿಂದೆ ಇಬ್ಬರು ಶತ್ರುಗಳು. ಅತ್ತೆ ಎರಡು ಹೊಡೆದಳು, ತಾಳಿದಳು, ಒಂದು ಹೊಡೆದಳು. ಅವರಿಬ್ಬರೂ ಕಲ್ಲಿನ ಮರೆಗೆ ಸರಿದರು. ಎಂದಿನಂತೆ ಅವಳು ಬೆನ್ನಟ್ಟಲಿಲ್ಲ.

ಅಷ್ಟರಲ್ಲಿ ಅವಳ ಮೈಕಿನಲ್ಲಿ ಯಲವಿಗಿಯ ರೈಲಿನ ಕೂಗು ಕೇಳಿತು.

"ಗೇಟ್ ಬಿದ್ದೈತಿ ತಮ್ಮಾ," ಎಂದಳು ಅತ್ತೆ. "ಸಾವಕಾಶ ಬಾ. ನಾ ಇಲ್ಲೇ ಅದೇನಿ."

ಅಪ್ಪ ನಿಂತುಬಿಟ್ಟ. ಹಿರೇಕೆರೂರಿನಲ್ಲಿ ಅವನ ಹೆಬ್ಬೆರಳು ಮೊಬೈಲಿನ ಮೇಲೆಲ್ಲ ಹುಡುಕಾಡುತ್ತಿರಬೇಕೆಂದು ನನಗೆ ಹೊಳೆಯಿತು. ನಾನೆಂಥ ಗುರು ನೋಡಿ, ಮೈಕ್ ಬಂದ್ ಮಾಡಿ ಕೊಟ್ಟಿದ್ದೆ, ತೆರೆಯುವುದನ್ನು ಹೇಳಿಕೊಟ್ಟಿರಲಿಲ್ಲ.

ಕಡೆಗೆ ಅವನು ಬಂದೂಕನ್ನು ಆಕಾಶಕ್ಕೆ ಎತ್ತಿದ. ಎರಡು ಹೊಡೆದ. ತಡೆದ. ಆಮೇಲೆ ಒಂದು.