ಅತ್ತೆಯ ಟೋಪಿ, ಅಳಿಯನ ಗರಿಗಾಳ

"ಈ ಭಾನುವಾರ ಈ ಮನೆ ಒಲೆ ಮೇಲೆ ಕೋಳಿ ಬೇಯೋ ಹಾಗಿಲ್ಲ!"

ಹೀಗೆಂದು ಘೋಷಿಸಿ ಅಲ್ಸೀಡ್ ಅಡುಗೆಮನೆಯ ಮೇಜನ್ನು ಗುದ್ದಿದ. ಕಾಫಿ ಲೋಟ ಒಂದು ಗೇಣು ಎಗರಿ, ಅವನ ಅಂಗಿಯ ಮೇಲೆಯೇ ಬಂದು ಕೂತಿತು. ವೀರರು ಇಂಥದ್ದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ.

"ಅತ್ತೆಗೆ ಎಂಬತ್ತು ತುಂಬೋ ದಿನ! ಕೆಂಪುಮೀನಿನ ಕೂಬಿಯಾನ್ ಸಾರೇ ಆಗ್ಬೇಕು. ಆ ಮೀನನ್ನ ನಾನೇ ತರ್ತೀನಿ. ಅದೂ ಹೇಗೆ? ಗರಿಗಾಳದಲ್ಲಿ!"

ಹೆಂಡತಿ ಓಡೀಲ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಅಲ್ಲಾ ಮಾರಾಯ, ಹಿತ್ತಲ ಕಟ್ಟೆ ಮೇಲೆ ಕೂತು ಗಾಳಕ್ಕೊಂದು ಸೀಗಡಿ ಚುಚ್ಚಿ ಬಿಟ್ರೆ ಮೀನು ಬರಲ್ವಾ?"

"ಬರತ್ತೆ. ಆದ್ರೆ ಅದು ಮೀನು ಹಿಡಿಯೋದಲ್ಲ ಕಣೇ, ಮೀನಿಗೆ ಊಟ ಬಡಿಸೋದು!"

"ನೀನು ಬಡಿಸ್ಲೂ ಇಲ್ಲ, ಹಿಡೀಲೂ ಇಲ್ಲ. ಟೊಮ್ಯಾಟೊ ತಂದಿಟ್ಟಿದೀನಿ, ಮೆಣಸು ತಂದಿಟ್ಟಿದೀನಿ. ಮೀನಿಲ್ದೆ ಬಂದ್ರೆ ಅದೇ ಸಾರಲ್ಲಿ ನಿನ್ನ ಗಾಳದ ಕೋಲು ಬೇಯಿಸ್ತೀನಿ, ನೋಡ್ತಿರು."

ಓಡೀಲ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲೂಯಿಸಿಯಾನಾ ರಾಜ್ಯದ ದಕ್ಷಿಣದ ತುದಿಯಲ್ಲಿ, ನೆಲ ಮುಗಿದು ಜೌಗು ಶುರುವಾಗುವ ಕಡೆ, ಶೋವನ್ ಎಂಬ ಆ ಊರಲ್ಲಿ ಮಕ್ಕಳು ಅಂಬೆಗಾಲಿಡುವ ಮೊದಲೇ ಗಾಳ ಹಿಡಿಯುತ್ತವೆ. ಗಾಳಕ್ಕೆ ಸೀಗಡಿ, ಮೇಲೊಂದು ತೇಲುಬುರುಡೆ, ಪಕ್ಕದಲ್ಲಿ ಒಂದು ಕುರ್ಚಿ, ಇಷ್ಟಿದ್ದರೆ ಮುಗಿಯಿತು. ಅಲ್ಸೀಡನೂ ಹಾಗೇ ಬೆಳೆದವನು. ಸೀಗಡಿ ದೋಣಿಗಳ ಎಂಜಿನ್ನು ರಿಪೇರಿ ಮಾಡಿಕೊಂಡು ಸುಖವಾಗಿದ್ದ. ಹೋದ ಬೇಸಿಗೆಯಲ್ಲಿ ಪಟ್ಟಣದವನೊಬ್ಬ ದೋಣಿ ಕೆಟ್ಟು ಇವನ ಶೆಡ್ಡಿಗೆ ಬಂದ. ಸರಿಹೋಗುವವರೆಗೆ ಹೊತ್ತು ಕಳೆಯಲು ತನ್ನ ಕೋಲನ್ನು ಬೀಸಿ ತೋರಿಸಿದ. ಎರೆ ಇಲ್ಲ, ಬುರುಡೆ ಇಲ್ಲ! ಗಾಳಕ್ಕೆ ಒಂದಿಷ್ಟು ಹಕ್ಕಿಗರಿ, ಒಂದಿಷ್ಟು ದಾರ ಸುತ್ತಿ ಮೀನಿನ ಕಣ್ಣಿಗೆ ಜೀವಂತ ಸೀಗಡಿಯ ಹಾಗೆ ಕಾಣಿಸುವಂತೆ ಮಾಡುವುದು, ಗಾಳಿಯಲ್ಲಿ ದಾರವನ್ನು ಹಾವಿನಂತೆ ಆಡಿಸಿ ಹೂವಿಟ್ಟ ಹಾಗೆ ನೀರಿನ ಮೇಲೆ ಇಡುವುದು! ಅಂದಿನಿಂದ ಅಲ್ಸೀಡನಿಗೆ ಹುಚ್ಚು ಹಿಡಿಯಿತು. ಈವರೆಗೆ ಅವನ ಗರಿಗಾಳಕ್ಕೆ ಬಿದ್ದ ಬೇಟೆ ಎಂದರೆ ಒಣಗಲು ಹಾಕಿದ್ದ ಓಡೀಲಳ ಹಾಸಿಗೆ ಹೊದಿಕೆ, ಪಕ್ಕದ ಮನೆಯ ಅಂಚೆ ಡಬ್ಬಿ ಮತ್ತು ಅವನದೇ ಎಡಕಿವಿ.

"ಕೋಲಲ್ಲಿ ದೋಷ ಇಲ್ಲ, ನನ್ನಲ್ಲೂ ಇಲ್ಲ. ದೋಷ ಇರೋದು ಗರೀಲಿ!" ಎಂದು ಅವನು ತೀರ್ಮಾನಿಸಿದ್ದ. ಅಂಗಡಿಯ ಗರಿಗೆ ಜೀವವಿಲ್ಲ. ತಾಮ್ರದ ಬಣ್ಣದ, ಬಿಸಿಲಿಗೆ ಹಿಡಿದರೆ ಹಸಿರು ಮಿಂಚುವ ಹುಂಜದ ಬಾಲದ ಗರಿ ಬೇಕು.

ಅಂಥ ಗರಿ ಆ ಮನೆಯಲ್ಲೇ ಇತ್ತು. ಅತ್ತೆಯ ಟೋಪಿಯಲ್ಲಿ!

ಅತ್ತೆ ಯುಲಾಲಿ ಮಗಳ ಮನೆಯಲ್ಲೇ ಇದ್ದರು. ತೀರಿಹೋದ ಮಾವ ತಿಯೋಫಿಲ್ ಒಂದು ಕಾಲಕ್ಕೆ 'ಜನರಲ್' ಎಂಬ ಹುಂಜ ಸಾಕಿದ್ದರಂತೆ. ಅದು ಸತ್ತಾಗ ಅದರ ಬಾಲದ ಗರಿಗಳನ್ನು ತಾವೇ ಆರಿಸಿ, ಹೆಂಡತಿಯ ಕಪ್ಪು ಟೋಪಿಗೆ ಹೊಲಿದುಕೊಟ್ಟಿದ್ದರು. ಯುಲಾಲಿ ಅದನ್ನು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಚರ್ಚಿಗೆ ಹಾಕಿಕೊಂಡು ಹೋಗುತ್ತಿದ್ದರು. ಉಳಿದ ದಿನ ಅದು ದುಂಡನೆಯ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಮುಚ್ಚಳ ತೆರೆದಿದ್ದರೆ ಮಿನೂ ಎಂಬ ಬೆಕ್ಕೂ ಅಲ್ಲೇ ಮಲಗಿರುತ್ತಿತ್ತು.

ಒಂದೇ ಒಂದು ಗರಿ, ಅದೂ ಹಿಂಬದಿಯದು, ಯಾರಿಗೆ ತಿಳಿಯುತ್ತದೆ ಎಂದುಕೊಂಡು ಅಲ್ಸೀಡ್ ಕಿತ್ತ. ಮೊದಲ ಗಾಳ ಕಟ್ಟುವಾಗ ದಾರ ಹರಿಯಿತು, ಗರಿ ಮುರಿಯಿತು. ಇನ್ನೊಂದು ಕಿತ್ತ. ಅದಕ್ಕೆ ಅಂಟು ಚೆಲ್ಲಿತು. ಮತ್ತೊಂದು, ಮಗದೊಂದು! ಕೊನೆಗೆ ಒಂದು ಗರಿಗಾಳ ಸಿದ್ಧವಾಯಿತು. ಆಹಾ, ಏನು ಚೆಲುವು! ಮೀನಿರಲಿ, ತಾನೇ ನುಂಗಿಬಿಡಬೇಕು ಅನ್ನಿಸಿತು ಅವನಿಗೆ. ಟೋಪಿಯ ಕಡೆ ನೋಡಿದರೆ ಅದರ ಒಂದು ಮಗ್ಗುಲು ನುಣ್ಣಗೆ ಬೋಳಾಗಿತ್ತು. ಮುಚ್ಚಳ ಹಾಕಿ ಮೆಲ್ಲಗೆ ಜಾರಿಕೊಂಡ.

ಶುಕ್ರವಾರ ಸಂಜೆ ಅತ್ತೆ ಪೆಟ್ಟಿಗೆ ತೆರೆದರು. ಅವರ ಕೂಗಿಗೆ ತೊರೆಯಾಚೆಯ ಮನೆಯವರೂ ದೀಪ ಹಾಕಿದರು.

"ನನ್ನ ಟೋಪಿ! ನನ್ನ ತಿಯೋಫಿಲ್ ಹೊಲಿದುಕೊಟ್ಟಿದ್ದು! ಯಾವ ಹಾಳಾದ್ದು ಇದನ್ನ ಕಿತ್ತಿದ್ದು?"

ಪೆಟ್ಟಿಗೆಯ ತುಂಬ ಬೆಕ್ಕಿನ ಕೂದಲು. ಓಡೀಲ್ ಬೆಕ್ಕನ್ನು ನೋಡಿದಳು. ಬೆಕ್ಕು ಅಲ್ಸೀಡನನ್ನು ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ನಮ್ಮ ಅಲ್ಸೀಡ್. ಅವನು ನ್ಯಾಯಾಧೀಶನಂತೆ ಗಂಟಲು ಸರಿಮಾಡಿಕೊಂಡ. "ಸಾಕ್ಷಿ ಕಣ್ಣೆದುರಿಗೇ ಇದೆ ಅತ್ತೆ. ಬೆಕ್ಕೇ! ಕಣ್ಣು ಮುಚ್ಚಿ ಹಾಲು ಕುಡಿಯೋ ಜಾತಿ. ಇನ್ಮೇಲೆ ಇದಕ್ಕೆ ಮನೆಯೊಳಗೆ ಜಾಗ ಇರಕೂಡ್ದು."

ಬಡಪಾಯಿ ಮಿನೂಗೆ ಜಗಲಿಯ ವಾಸ ವಿಧಿಸಲಾಯಿತು. ದಿನಾ ಸಿಗುತ್ತಿದ್ದ ಸೀಗಡಿ ತಲೆಯೂ ಬಂದ್. ಅತ್ತೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಬೋಳು ಮಗ್ಗುಲನ್ನು ಸವರುತ್ತ ಕೂತರು. ಅದನ್ನು ಕಂಡು ಅಲ್ಸೀಡನ ಎದೆ ಚುಳ್ಳೆಂದಿತು. 'ಇರಲಿ, ಇಡೀ ಜೌಗಿನಲ್ಲೇ ಚೆಂದದ ಕೆಂಪುಮೀನು ತಂದು ಋಣ ತೀರಿಸ್ತೀನಿ' ಎಂದುಕೊಂಡ. ಈಗ ಮೀನು ತರಲೇಬೇಕಾಯಿತು.

ಶನಿವಾರ ಬೆಳಗಾಗುತ್ತಲೇ ದಂಡು ಹೊರಟಿತು. ದಂಡೆಂದರೆ ಮೂವರು. ಸೇನಾಧಿಪತಿ ಅಲ್ಸೀಡ್, ಓಡೀಲಳ ತಮ್ಮ ಕ್ಲೋವಿಸ್, ಮತ್ತು ಊರಿನಲ್ಲಿ ಗಾಳಕ್ಕೆ ಚುಚ್ಚುವ ಸೀಗಡಿ ಮಾರುವ ಡ್ಯೂಯಿ.

"ಎರೆ ಮಾರೋನನ್ನ ಎರೆ ಇಲ್ಲದ ಬೇಟೆಗೆ ಕರ್ಕೊಂಡು ಹೋಗ್ತಿದ್ದೀಯಲ್ಲೋ, ಇದು ನನ್ನ ಹೊಟ್ಟೆ ಮೇಲೆ ಹೊಡೆಯೋ ಕೆಲಸ," ಎಂದು ಡ್ಯೂಯಿ ದಾರಿಯುದ್ದಕ್ಕೂ ಗೊಣಗಿದ.

"ಕಲೆ ಕಣೋ ಇದು, ಕಲೆ! ಬಾಯಿ ಮುಚ್ಕೊಂಡು ನೋಡು."

ಹುಲ್ಲಿನ ನಡುವಿನ ತೆಳುನೀರಿಗೆ ಬಂದಮೇಲೆ ಎಂಜಿನ್ ನಿಲ್ಲಿಸಿದರು. ಸದ್ದಾದರೆ ಕೆಂಪುಮೀನು ಓಡುತ್ತದೆ. ಹಿಂದಿನ ಎತ್ತರದ ಮಣೆಯ ಮೇಲೆ ನಿಂತು ಒಬ್ಬ ಉದ್ದನೆಯ ಜಲ್ಲೆಯಿಂದ ದೋಣಿ ತಳ್ಳಬೇಕು, ಮುಂದೆ ನಿಂತವನು ಗಾಳ ಬೀಸಬೇಕು. ಅಲ್ಸೀಡ್ ಮಣೆ ಹತ್ತಿದ. ಕ್ಲೋವಿಸ್ ಮುಂದೆ ನಿಂತು ಬೀಸಿದ. ದಾರ ಹಿಂದಕ್ಕೆ ಹೋಯಿತು, ಮುಂದಕ್ಕೆ ಬರಲಿಲ್ಲ.

"ಭಾವ, ಸಿಕ್ತು! ದೊಡ್ಡದಿದೆ!" ಎಂದು ಕ್ಲೋವಿಸ್ ಜಗ್ಗಿದ.

"ಜಗ್ಗಬೇಡ್ವೋ! ಅದು ನಾನು!" ಎಂದು ಅಲ್ಸೀಡ್ ಅರಚಿದ. ಗಾಳ ಅವನ ಚಡ್ಡಿಯ ಹಿಂಭಾಗದಲ್ಲಿ ನೆಟ್ಟಿತ್ತು.

"ನಾನು ಸೀಗಡಿ ಮಾರೋಕೆ ಶುರುಮಾಡಿದಾಗಿಂದ ಇಷ್ಟು ದೊಡ್ಡದನ್ನ ಯಾರೂ ಹಿಡಿದಿಲ್ಲ," ಎಂದ ಡ್ಯೂಯಿ.

ಬಿಡಿಸಿಕೊಂಡು, ಮಾನ ಸಾವರಿಸಿಕೊಂಡು, ಅಲ್ಸೀಡ್ ಜಲ್ಲೆಯನ್ನು ಬಲವಾಗಿ ಊರಿದ. ಜೌಗಿನ ಕೆಸರು ಕೊಟ್ಟದ್ದನ್ನು ಹಿಂದಿರುಗಿಸುವ ಪೈಕಿ ಅಲ್ಲ. ಜಲ್ಲೆ ಅಲ್ಲೇ ನಿಂತಿತು, ದೋಣಿ ಮುಂದೆ ಹೋಯಿತು. ಕೈ ಬಿಡಬೇಕೋ ಕಾಲು ಬಿಡಬೇಕೋ ಎಂದು ಯೋಚಿಸುವಷ್ಟರಲ್ಲಿ ಕಾಲೇ ದೋಣಿಯನ್ನು ಬಿಟ್ಟಿತ್ತು. ಸೇನಾಧಿಪತಿ ಜಲ್ಲೆಯ ತುದಿಗೆ ಬಾವುಟದಂತೆ ನೇತಾಡುತ್ತಿದ್ದ!

"ಭಾವಾ, ಅಲ್ಲಿಂದ ಮೀನು ಕಾಣ್ತಿದೆಯಾ?" ಎಂದು ಕ್ಲೋವಿಸ್ ತೇಲಿಹೋಗುತ್ತಲೇ ಕೂಗಿ ಕೇಳಿದ.

ಉತ್ತರ ಬರುವ ಮೊದಲೇ ಜಲ್ಲೆ ಮೆಲ್ಲಗೆ ಬಾಗಿತು, ರಾಜಗಾಂಭೀರ್ಯದಿಂದ ಬಾಗಿತು, ಪ್ರಭುವನ್ನು ಕೆಸರಿಗೆ ಇಳಿಸಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದುಂಟು. ಇವನ ಮೀಸೆಯೂ ಮಣ್ಣಾಯಿತು, ಹುಬ್ಬೂ ಮಣ್ಣಾಯಿತು.

ಈ ಗಲಾಟೆಯಲ್ಲಿ ಬಡಗಣ ಗಾಳಿ ಎದ್ದದ್ದನ್ನು ಮೂವರೂ ಗಮನಿಸಲಿಲ್ಲ. ಆ ಗಾಳಿ ಬೀಸಿತೆಂದರೆ ಜೌಗಿನ ನೀರನ್ನೆಲ್ಲ ಸಮುದ್ರಕ್ಕೆ ಗುಡಿಸಿ ಹಾಕುತ್ತದೆ. ಊರಿನ ಕೂಸಿಗೂ ಗೊತ್ತಿರುವ ಮಾತು. ಅಲ್ಸೀಡನನ್ನು ಎಳೆದು ಒರೆಸಿ ಕೂರಿಸುವಷ್ಟರಲ್ಲಿ ದೋಣಿ 'ಚಪ್' ಎಂದು ಕೆಸರಿನ ಮೇಲೆ ಕೂತಿತು. ಸುತ್ತ ಎಲ್ಲಿ ನೋಡಿದರೂ ಕೆಸರು. ಕೊಕ್ಕರೆಗಳು ಸಾಲಾಗಿ ಬಂದು ಪ್ರೇಕ್ಷಕರಂತೆ ನಿಂತವು.

"ಗಾಳಿ ನಿಂತು ನೀರು ವಾಪಸ್ ಬರೋವರೆಗೆ ಇಲ್ಲೇ ವಾಸ. ನಾಳೆ ಅಕ್ಕ ನಿನ್ನ ಗಾಳದ ಕೋಲು ಬೇಯಿಸೋದು ಖಾತ್ರಿ ಭಾವ," ಎಂದ ಕ್ಲೋವಿಸ್.

ಬೋಳು ಟೋಪಿಯನ್ನು ಸವರುತ್ತ ಕೂತ ಮುದುಕಿ ಅಲ್ಸೀಡನ ಕಣ್ಣಮುಂದೆ ಬಂದರು. ಟೋಪಿಯೂ ಹೋಯಿತು, ಮೀನೂ ಇಲ್ಲ!

ಆಗ ಡ್ಯೂಯಿ ಪಿಸುಗುಟ್ಟಿದ: "ಅಲ್ ನೋಡೋ!"

ಸ್ವಲ್ಪ ದೂರದಲ್ಲಿ, ಕೆಸರಿನ ನಡುವೆ ಹೊಂಡವೊಂದರಲ್ಲಿ ಮೊಣಕಾಲು ಮಟ್ಟದ ನೀರು ಉಳಿದಿತ್ತು. ಅದರಿಂದ ತಾಮ್ರದ ಬಣ್ಣದ ಬಾಲವೊಂದು ಮೇಲೆದ್ದು ಬೀಸಣಿಗೆಯಂತೆ ಆಡಿತು. ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನಂಥ ಕರಿಚುಕ್ಕೆ. ಕೆಂಪುಮೀನು!

ಅಲ್ಸೀಡ್ 'ಜನರಲ್'ನ ಗರಿಯ ಗಾಳವನ್ನು ದಾರಕ್ಕೆ ಕಟ್ಟಿದ. ಬೀಸಿದ. ಹುಟ್ಟಿದ ಮೇಲೆ ಮೊದಲ ಬಾರಿಗೆ ದಾರ ಹೇಳಿದ ಮಾತು ಕೇಳಿತು. ಗರಿ ಹೂವಿನಂತೆ ಇಳಿಯಿತು. ಮೀನು ತಿರುಗಿತು, ನೋಡಿತು, ಗುಳುಂ!

"ಹಿಡ್ಕೊಂಡ್ತು! ನೋಡ್ರೋ, ಕಲೆ ನೋಡ್ರೋ!" ಎನ್ನುವಷ್ಟರಲ್ಲಿ 'ಟಪ್' ಎಂದು ದಾರ ಹರಿಯಿತು.

ಅಲ್ಲಿಗೆ ಕಲೆ ಮುಗಿಯಿತು, ಕುಸ್ತಿ ಶುರುವಾಯಿತು. ಅಲ್ಸೀಡ್ ಕೋಲು ಎಸೆದು ಕೆಸರಿಗೆ ಹಾರಿದ. ಡ್ಯೂಯಿ ಹಾರಿದ. ಕ್ಲೋವಿಸನೂ ಹಾರಿದ. ಮೀನು ಡ್ಯೂಯಿಯ ಕಾಲ ಸಂದಿಯಲ್ಲಿ ನುಸುಳಿತು, ಬಾಲದಿಂದ ಕ್ಲೋವಿಸನ ಕೆನ್ನೆಗೆ ಬಾರಿಸಿತು. ಕೊನೆಗೆ ಅಲ್ಸೀಡ್ ಹೊಟ್ಟೆಯಡಿಗೆ ಅದನ್ನು ಹಾಕಿಕೊಂಡು ಬೋರಲು ಬಿದ್ದು, ಬಹುದಿನದ ಮೇಲೆ ಸಿಕ್ಕ ಅಣ್ಣನಂತೆ ಅಪ್ಪಿಕೊಂಡ. ಅಳೆದು ನೋಡಿದರೆ ಸರ್ಕಾರದ ಕಾನೂನಿಗೂ ಸರಿ, ಓಡೀಲಳ ಪಾತ್ರೆಗೂ ಸರಿ!

"ಇದನ್ನ ಗರಿಗಾಳದ ಬೇಟೆ ಅಂತಾರಾ ಭಾವ? ಹೊಟ್ಟೆಗಾಳ ಅನ್ಬೇಕು," ಎಂದ ಕ್ಲೋವಿಸ್. "ನಾಳೆ ಊಟಕ್ಕೆ ಕೂತಾಗ ಎಲ್ರಿಗೂ ಹೇಳ್ತೀನಿ."

"ಹೇಳು! ನನ್ನ ಗಾಳ ಇನ್ನೂ ಅದರ ಬಾಯಲ್ಲೇ ಇದೆ. ಅಲ್ಲೇ ಇರ್ಲಿ. ಸಾಕ್ಷಿ!"

ಸಂಜೆಗೆ ಗಾಳಿ ದಣಿಯಿತು, ನೀರು ಮರಳಿತು. ಅಲ್ಸೀಡ್ ಯಾರನ್ನೂ ಹತ್ತಿರ ಬಿಡದೆ ತಾನೇ ಮೀನನ್ನು ಹಸನು ಮಾಡಿದ. ತಲೆಯನ್ನು ಇಡಿಯಾಗಿ ಉಳಿಸಿದ. ಮೀನಿನ ತಲೆ, ಕೆನ್ನೆಯ ಮಾಂಸ ಆ ಮನೆಯಲ್ಲಿ ಹಿರಿಯರ ಪಾಲು. ಬಾಯೊಳಗಿನ ಗಾಳ ಕೆಸರು ಮೆತ್ತಿಕೊಂಡು ಕರ‍್ರಗೆ ಮುದುಡಿತ್ತು. ಅದು ಎಲ್ಲಿಯ ಗರಿ ಎಂಬುದನ್ನು, ಗೆದ್ದ ಅಮಲಿನಲ್ಲಿ, ಅಲ್ಸೀಡನೇ ಮರೆತಿದ್ದ.

ಭಾನುವಾರ ಅತ್ತೆ ಟೋಪಿಯಿಲ್ಲದೆ, ತಲೆಗೊಂದು ವಸ್ತ್ರ ಕಟ್ಟಿಕೊಂಡು ಚರ್ಚಿಗೆ ಹೋಗಿಬಂದರು. ಕ್ಲೋವಿಸ್, ಡ್ಯೂಯಿಯೂ ಸೇರಿ ಎಲ್ಲ ಊಟಕ್ಕೆ ಕೂತಾಗಲೂ ಅವರ ಮುಖ ಅರಳಿರಲಿಲ್ಲ. ಆದರೆ ಕೂಬಿಯಾನ್ ಬಂತು ನೋಡಿ! ಟೊಮ್ಯಾಟೊದ ಕೆಂಪು ರಸದಲ್ಲಿ ಮೀನು ಹಾಲಿನಂತೆ ಬೆಂದಿತ್ತು, ಅನ್ನದ ಮೇಲೆ ಸುರಿದರೆ ಮನೆಯೆಲ್ಲ ಘಮ. ತಲೆಯನ್ನು ಬೇರೆ ತಟ್ಟೆಯಲ್ಲಿಟ್ಟು ಓಡೀಲ್ ತಾಯಿಯ ಮುಂದಿಟ್ಟಳು. ಒಂದು ಚಮಚ ಬಾಯಿಗಿಟ್ಟು ಯುಲಾಲಿ ಕಣ್ಣು ಮುಚ್ಚಿದರು. "ಅಳಿಯಾ, ತಿಯೋಫಿಲ್ ಇದ್ದಿದ್ರೆ ನಿನ್ನ ಬೆನ್ನು ತಟ್ಟಿರ್ತಿದ್ದ."

ಅಲ್ಸೀಡ್ ಬೆಲೂನಿನಂತೆ ಉಬ್ಬಿದ. ಕ್ಲೋವಿಸ್ ಸೂಜಿ ಹಿಡಿದು ಕಾದಿದ್ದ.

"ಬೆನ್ನಲ್ಲಮ್ಮಾ, ಹೊಟ್ಟೆ ತಟ್ಟು! ಭಾವ ಅದರ ಮೇಲೆ ಬೋರಲು ಬಿದ್ದು ಹಿಡಿದಿದ್ದು. ಗರಿಗಾಳ ಅಂತೆ!"

ಎಲ್ಲರೂ ಗೊಳ್ಳೆಂದರು. ಓಡೀಲ್ ಸೆರಗಿಲ್ಲದಿದ್ದರೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಾನು ಆವತ್ತೇ ಅಂದ್ಕೊಂಡೆ!"

"ಸುಳ್ಳು!" ಅಲ್ಸೀಡ್ ಎದ್ದು ನಿಂತ. "ಗಾಳಕ್ಕೆ ಬಿದ್ದ ಮೀನೇ ಇದು. ಸಾಕ್ಷಿ ಬೇಕಾ ಸಾಕ್ಷಿ? ಅತ್ತೆ, ಸ್ವಲ್ಪ ತಟ್ಟೆ ಈ ಕಡೆ ಕೊಡಿ!"

ಎರಡು ಬೆರಳಿಂದ ಮೀನಿನ ಬಾಯಿ ತೆರೆದ. ಒಳಗಿನಿಂದ ಗಾಳವನ್ನು ಎಳೆದ. ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದ.

ಕೂಬಿಯಾನಿನ ಬಿಸಿರಸದಲ್ಲಿ ಮಿಂದು ಕೆಸರೆಲ್ಲ ಬಿಟ್ಟುಹೋಗಿತ್ತು. ಗರಿ ತಾಮ್ರದಂತೆ ಹೊಳೆಯಿತು. ಒಂದಿಷ್ಟು ತಿರುಗಿತು. ಹಸಿರಾಗಿ ಮಿಂಚಿತು.

ಜಗಲಿಯಿಂದ ಮಿನೂ "ಮ್ಯಾವ್" ಎಂದಿತು.

ಯುಲಾಲಿ ಕನ್ನಡಕ ಏರಿಸಿದರು. "ಓಡೀಲ್, ನನ್ನ ಟೋಪಿ ತಾ."

ಟೋಪಿ ಬಂತು. ಗಾಳವನ್ನು ಟೋಪಿಯ ಪಕ್ಕಕ್ಕೆ ಹಿಡಿದರು. ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅಲ್ವೋ ಅಲ್ಸೀಡ್," ಎಂದ ಡ್ಯೂಯಿ ಅನ್ನ ಅಗಿಯುತ್ತ, "ನಿಮ್ಮನೆ ಬೆಕ್ಕು ಗಾಳ ಕಟ್ಟೋದು ಯಾವಾಗ ಕಲಿತು?"

ಅಲ್ಸೀಡ್ ತಲೆ ಕೆರೆದುಕೊಂಡ. "ಅತ್ತೆ... ಒಂದೇ ಒಂದು ಅಂತ ಶುರುಮಾಡ್ದೆ..."

ಯುಲಾಲಿ ಗರಿಯನ್ನು ಬೆರಳಲ್ಲಿ ಸವರಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಓಡೀಲ್ ಓಡಿಬಂದಳು. ಮುದುಕಿ ನಗುತ್ತಿದ್ದರು, ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕಾಗುವಷ್ಟು!

"ಹೆಸರಿಗೆ ಜನರಲ್ಲು! ಬದುಕಿರೋವರೆಗೆ ಪಕ್ಕದ ಮನೆ ಹೇಂಟೆ ಕಂಡ್ರೂ ಓಡಿಹೋಗ್ತಿತ್ತು. ತಿಯೋಫಿಲ್ ಊರೆಲ್ಲ ಅದರ ಶೌರ್ಯ ಕೊಚ್ಕೊಳ್ತಿದ್ದ. ಸತ್ತು ಇಷ್ಟು ವರ್ಷ ಆದ್ಮೇಲೆ ಕೊನೆಗೂ ಒಂದು ಯುದ್ಧ ಗೆಲ್ತಲ್ಲಪ್ಪಾ!" ಕಣ್ಣೊರೆಸಿಕೊಂಡು ಗಾಳವನ್ನು ಮಗಳ ಕೈಗಿತ್ತರು. "ಗಾಳದ ಮೊನೆ ಕತ್ತರಿಸಿ ಟೋಪಿಗೆ ಹೊಲಿ. ಮುಂದಿನ ವಾರ ಚರ್ಚಿಗೆ ಇದನ್ನೇ ಹಾಕ್ಕೊಂಡು ಹೋಗ್ತೀನಿ. ಕೇಳಿದೋರಿಗೆಲ್ಲ ಕತೆ ಹೇಳ್ತೀನಿ."

"ಎಲ್ಲಾ ಕತೆಯನ್ನಾ ಅತ್ತೆ?"

"ಹೊಟ್ಟೆ ಮೇಲೆ ಬಿದ್ದಿದ್ದೂ ಸೇರಿಸಿ! ಈಗ ಬಾಗಿಲು ತೆಗೀರಿ, ಮಿನೂನ ಒಳಗೆ ಕರೀರಿ."

ಮಿನೂ ಬಾಲ ಎತ್ತಿಕೊಂಡು ಮೆರವಣಿಗೆಯಲ್ಲಿ ಬಂದಂತೆ ಬಂದು, ಅಲ್ಸೀಡ್ ಎದ್ದು ಖಾಲಿಯಾಗಿದ್ದ ಕುರ್ಚಿಯನ್ನೇ ಹತ್ತಿ ಕೂತಿತು. ಅತ್ತೆ ಮೀನಿನ ಕೆನ್ನೆಯ ಮಾಂಸವನ್ನು, ಹಿರಿಯರ ಪಾಲನ್ನು, ತಮ್ಮ ಕೈಯಾರೆ ಬಿಡಿಸಿ ಅದಕ್ಕೆ ಕೊಟ್ಟರು. ಕುರ್ಚಿ ಕಳೆದುಕೊಂಡ ಸೇನಾಧಿಪತಿ ತನ್ನ ಬಟ್ಟಲು ಹಿಡಿದು ಮೆಲ್ಲಗೆ ಜಗಲಿಗೆ ನಡೆದು ಮೆಟ್ಟಿಲ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಓಡೀಲ್ ಹಿಂದೆ ಬಂದು ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು. ಅವನ ಮೀಸೆಯಲ್ಲಿ ಎಷ್ಟು ತೊಳೆದರೂ ಉಳಿದಿದ್ದ ನಿನ್ನೆಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. "ಮೀನು ಚೆನ್ನಾಗಿತ್ತು ಕಣೋ," ಎಂದಳು.

"ಹೌದಾ? ಹಾಗಾದ್ರೆ ಒಳಗೆ ಬರ್ಲಾ?"

ಅವಳು ಉತ್ತರ ಕೊಡುವ ಮೊದಲೇ ಒಳಗಿನಿಂದ ಅತ್ತೆಯ ದನಿ ಕೇಳಿಸಿತು:

"ಓಡೀಲ್! ಟೋಪಿ ಪೆಟ್ಟಿಗೆ ಇನ್ನೂ ಮುಚ್ಚಿಲ್ಲ. ಆ ಬಾಗಿಲು ಹಾಕೇ, ಜಗಲಿ ಮೇಲಿರೋ ಬೆಕ್ಕು ಒಳಗೆ ಬಂದುಬಿಟ್ಟೀತು!"