ಗುಂಡುಕಲ್ಲಿನ ಪ್ರಾಮಾಣಿಕ ಪಂದ್ಯ

ಮುಷ್ಟಿಯುದ್ಧ ಮಂಡಳಿಯ ಇತಿಹಾಸದಲ್ಲಿ ಒಂದು ಪಂದ್ಯವೂ ಅನಿರೀಕ್ಷಿತವಾಗಿ ಮುಗಿದಿಲ್ಲ. ಇದನ್ನು ಮೊದಲು ಹೇಳಿದವಳು ನಮ್ಮ ಅತ್ತಿಗೆ. ಮಂಡಳಿಯ ಪಂದ್ಯಗಳಿಗೆ ಗಂಟೆ ಬಾರಿಸುವುದು ಅವಳ ಕೆಲಸ. ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇಲ್ಲ.

ಗುಂಡುಕಲ್ಲು ಎಂದೇ ಹೆಸರಾದ ಮಾಜಿ ಚಾಂಪಿಯನ್ನನ ಮಂಡಿ ಸವೆದಿತ್ತು, ಕೂದಲು ಹಿಂದೆ ಸರಿದಿತ್ತು, ಎದೆಯೊಳಗಿನ ಮುಳ್ಳು ಮಾತ್ರ ಅಲ್ಲೇ ಇತ್ತು. ಯೌವನದಲ್ಲಿ ಅವನು ಪಟ್ಟ ಗೆದ್ದದ್ದು, ಎದುರಾಳಿ ಸೊಟ್ಟಮೂಗ ಎಂಬವನು ಮಂಡಳಿಯ ಅಪ್ಪಣೆಯಂತೆ ತಾನಾಗಿ ಬಿದ್ದದ್ದರಿಂದ. ಮನೆಗೆ ಬಂದವರು ಗೋಡೆಯ ಮೇಲಿನ ಪಟ್ಟದ ಬೆಲ್ಟನ್ನು ಹೊಗಳಿದರೆ ಮಗಳು, "ಅದು ಸೊಟ್ಟಮೂಗ ಮಾಮ ಮಲಗಿ ಕೊಡಿಸಿದ್ದು," ಅನ್ನುತ್ತಿದ್ದಳು. ಕಣ್ಣು ಮುಚ್ಚುವ ಮೊದಲು ಅವಳೆದುರು ಒಮ್ಮೆಯಾದರೂ ನೆಟ್ಟಗೆ ಕಾದಾಡಬೇಕು, ಸೋತರೂ ಸರಿಯೇ ಎಂದುಕೊಂಡು ಗುಂಡುಕಲ್ಲು ಅದೇ ಸೊಟ್ಟಮೂಗನ ಜೊತೆ ಇನ್ನೊಂದು ಪಂದ್ಯ ಕೇಳಲು ಮಂಡಳಿಗೆ ಹೋದ.

ಕಾರ್ಯದರ್ಶಿ ಎದ್ದು ಕೈಕುಲುಕಿದರು. "ಪಶ್ಚಾತ್ತಾಪಕ್ಕೆ ನಮ್ಮಲ್ಲಿ ಧಾರಾಳ ಅವಕಾಶ ಇದೆ. ಆದ್ರೆ ಅದು ವಿಫಲ ಆಗ್ಬಾರ್ದು ನೋಡಿ. ಅದಕ್ಕೇ ಮೂರನೇ ಸುತ್ತಲ್ಲಿ ನೀವು ಬೀಳ್ತೀರಿ."

"ಅಯ್ಯೋ, ಅದೂ ಮೋಸಾನೇ ಅಲ್ವಾ ಸಾರ್?"

"ಹೋದ ಸಲ ಅವರು ಬಿದ್ರು, ಈ ಸಲ ನೀವು. ಇಬ್ಬರನ್ನೂ ಒಂದೇ ಕಣ್ಣಲ್ಲಿ ನೋಡಿದೀವಿ. ಮೋಸ ಎಲ್ಲಿಂದ ಬಂತು?"

ಮರುದಿನವೇ ಪ್ರಕಟಣೆ ಹೊರಬಿತ್ತು: "ಸಾರ್ವಜನಿಕರ ಗಮನಕ್ಕೆ. ಸಂಪೂರ್ಣ ಪ್ರಾಮಾಣಿಕ ಪಂದ್ಯ ಏರ್ಪಡಿಸಲಾಗಿದೆ. ಫಲಿತಾಂಶದಲ್ಲಿ ಬದಲಾವಣೆ ಇರುವುದಿಲ್ಲ."

ಏನೇ ಆಗಲಿ ಬೀಳುವುದಿಲ್ಲ ಎಂದು ಗುಂಡುಕಲ್ಲು ಒಳಗೊಳಗೇ ಪಣ ತೊಟ್ಟ. ಪಂದ್ಯದ ದಿನ ಅತ್ತಿಗೆ ಗಂಟೆ ಬಾರಿಸಿದಳು. ಮುಂದಿನ ಸಾಲಿನಲ್ಲಿ ಮಗಳು ಕೈಕಟ್ಟಿ ಕೂತಿದ್ದಳು. ಅವನು ಇಷ್ಟು ವರ್ಷದ ಉರಿಯನ್ನೆಲ್ಲ ಬಲಗೈಗೆ ತಂದು ಎತ್ತಿದ. ಗವಸು ಇನ್ನೂ ಗಾಳಿಯಲ್ಲಿರುವಾಗಲೇ ಸೊಟ್ಟಮೂಗ ದೊಪ್ಪನೆ ಬಿದ್ದು ಕಣ್ಣು ಮುಚ್ಚಿದ.

"ಏಳೋ, ಇನ್ನೂ ಹೊಡೆದೇ ಇಲ್ಲ!"

"ಗೊತ್ತು ಕಣೋ. ಎತ್ತಿದ ಕೈ ಕಂಡ್ರೆ ಸಾಕು, ಮೈ ತಾನೇ ಮಲಗಿಬಿಡುತ್ತೆ. ಜೀವಮಾನವೆಲ್ಲ ಇದೇ ಕಸುಬಲ್ವಾ ನಂದು?"

"ಮಗಳು ನೋಡ್ತಿದಾಳೆ, ನನ್ನ ಮಾನ ಉಳಿಸೋ!"

"ಏಳೋಣ ಅಂದ್ರೆ ಸೊಂಟ ಹಿಡ್ಕೊಂಡಿದೆ."

ರೆಫರಿ ಎಣಿಸತೊಡಗಿದ. ಮತ್ತೊಂದು ಪುಕ್ಕಟೆ ಗೆಲುವು ಕೊರಳಿಗೆ ಬೀಳುವುದರಲ್ಲಿತ್ತು. ಗುಂಡುಕಲ್ಲು ಬಗ್ಗಿ, ಸೊಟ್ಟಮೂಗನ ಕಂಕುಳಿಗೆ ಕೈಹಾಕಿ, ಹೆಣ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದ. ಬಿದ್ದ ಎದುರಾಳಿಯನ್ನು ಮುಟ್ಟುವುದು ನಿಯಮದ ಪ್ರಕಾರ ಘೋರ ಅಪರಾಧ. ಗುಂಡುಕಲ್ಲು ಅನರ್ಹನೆಂದು ಘೋಷಿಸಿ, ಅವನ ತೋಳಿನಲ್ಲಿ ಜೋತುಬಿದ್ದಿದ್ದವನ ಕೈಯನ್ನೇ ರೆಫರಿ ಮೇಲೆತ್ತಿದ. ಫಲಿತಾಂಶ ನಿಗದಿಗಿಂತ ಮೊದಲೇ ಬಂದದ್ದಕ್ಕೆ ಕಾರ್ಯದರ್ಶಿ ಹರ್ಷ ವ್ಯಕ್ತಪಡಿಸಿದರು.

ಮಗಳು ಹಗ್ಗ ದಾಟಿ ಬಂದಳು. "ಅಪ್ಪಾ, ಎತ್ತು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲಮ್ಮಾ."

"ಹಾಗಾದ್ರೆ ನಿಜವಾಗ್ಲೂ ಸೋತೆ."

ಗುಂಡುಕಲ್ಲಿನ ಮುಖ ಮೊರದಗಲ ಅರಳಿತು.

ಈಗ ಪಶ್ಚಾತ್ತಾಪ ಬಯಸುವ ಹಿರಿಯ ಮುಷ್ಟಿಪಟುಗಳು ಎದುರಾಳಿಯನ್ನು ಕಡ್ಡಾಯವಾಗಿ ಎತ್ತತಕ್ಕದ್ದೆಂಬ ನಿಯಮ ಬಂದಿದೆ. ತಾಲೀಮಿನಲ್ಲಿ ಗುದ್ದುವುದನ್ನು ಯಾರೂ ಕಲಿಸುವುದಿಲ್ಲ. ಪ್ರೇಕ್ಷಕರು ಬಿದ್ದವರ ತೂಕ ನೋಡಿ ಚಪ್ಪಾಳೆ ತಟ್ಟುತ್ತಾರೆ. ಯಾರ ತಕರಾರೂ ಇಲ್ಲ. ನೀವೂ ಇದನ್ನು ನಾಲ್ಕು ಜನರ ಕಿವಿಗೆ ಹಾಕಿ. ಕೇಳಿದವರು ಯಾಕೆ ಹೀಗೆ ಎಂದರೆ, ಹೀಗೇ ಎಂದುಬಿಡಿ.