ಸಾಹೇಬರ ಎಡಗಣ್ಣಾದ ನಮ್ಮ ಓಣಿ ತೆಗ್ಗು

ಗಬ್ಬೂರಿನ ನಮ್ಮ ಓಣಿಯಾಗ ಇರೋ ತೆಗ್ಗು ಈಗ "ಗುಂಡಿ ಮತ್ತು ಗಟಾರ ನಿವಾರಣಾ ಕಚೇರಿ"ಯ ದೊಡ್ಡ ಸಾಹೇಬರ ಎಡಗಣ್ಣಿನ ಕರಿಗುಡ್ಡಿ ಆಗೇತಿ. ಆದಕಾರಣ ಅದನ್ನ ಯಾರೂ ಮುಚ್ಚತಕ್ಕದ್ದಲ್ಲ. ಹಂಗಂತ ಬೋರ್ಡ್ ಹಾಕ್ಯಾರ. ನನಗ ಓದಾಕ ಬರೂದಿಲ್ಲ, ಮೊಮ್ಮಗಳು ಕರುಣಾ ಓದಿ ಹೇಳ್ಯಾಳ.

ಪೈಪ್ ಹಾಕಾಕಂತ ಅಗದ ತೆಗ್ಗು ಅದು. ಅಗದವರು ಪೈಪ್ ತರಾಕ ಹೋದರು. ಈ ದಂಡಿಗೆ ನನ್ನ ಮನಿ, ಆ ದಂಡಿಗೆ ಗುಲ್ಜಾರಬಿ ಮನಿ. ಇಬ್ಬರೂ ಈ ಓಣಿಗೆ ಸೊಸಿಯಾಗಿ ಬಂದಾಗಿಂದ ಸಂಜೀ ಚಹಾ ಆಕಿ ಕಟ್ಟಿಮ್ಯಾಲೇ. ತೆಗ್ಗು ಬಿದ್ದಮ್ಯಾಲೆ ಅಲ್ಲಿಗೆ ಹೋಗಬೇಕಂದ್ರ ಬೈಪಾಸ್ ಸುತ್ತಬೇಕು.

ಒಂದಿನ ಆಟೋ ಹತ್ತಿದೆ.

"ಎಲ್ಲಿಗೆ ಆಯಿ?" ಅಂದ ಶಹಬಾಜ.

"ಎದುರು ಮನೀಗೆ."

ಅವ ಸೀದಾ ಬೈಪಾಸಿಗೆ ಗಾಡಿ ತಿರುವಿದ. ನಮ್ಮ ಓಣಿಯವರೆಲ್ಲಾ ಹಂಗೇ ಹೇಳತಿದ್ರು.

ಕರುಣಾ ತೆಗ್ಗಿನ ಫೋಟೋ ತಗದು ಮೊಬೈಲಿನಾಗ ದೂರು ಕಳಿಸಿದಳು. ಎಲ್ಲಾರೂ ಕಳಿಸತಿದ್ರು. ಸಪ್ತಾಪುರದಿಂದ ಒಡದ ಫುಟ್‌ಪಾತ್, ಲಕಮನಹಳ್ಳಿಯಿಂದ ತುಂಬಿದ ಗಟಾರ. ಕಚೇರಿಯಾಗ ಫೋಟೋ ರಾಶಿ ಬಿದ್ದವು. ದೊಡ್ಡ ಸಾಹೇಬರಾದ ಮಹಾದೇವಪ್ಪನವರ ಮನಸ್ಸು ಕರಗಿತು. "ಮಂದಿ ಇಷ್ಟು ಪ್ರೀತಿಯಿಂದ ಕಳಿಸ್ಯಾರ, ಉಪಯೋಗ ಮಾಡದ ಬಿಟ್ಟರ ಛಲೋ ಕಾಣೂದಿಲ್ಲ" ಅಂದರಂತ.

ಕಂಪ್ಯೂಟರ್ ನೋಡಿಕೊಳ್ಳೋ ಅಂಬರೀಷ ಉಪಾಯ ಹೇಳಿದ. ಸಣ್ಣ ಸಣ್ಣ ಫೋಟೋ ಒತ್ತೊತ್ತಾಗಿ ಜೋಡಿಸಿದರ ದೂರದಿಂದ ಒಂದೇ ದೊಡ್ಡ ಫೋಟೋ ಕಾಣತೈತಿ. ಮೊಸಾಯಿಕ್ ಅಂತಾರಂತ. ಹರಕ ಅರಿವಿ ಕೂಡಿಸಿ ನಾವು ಕೌದಿ ಹೊಲೀತೀವಲ್ಲ, ಅದೇ. ಕಚೇರಿ ಮುಂದ ದೊಡ್ಡ ಪರದೆ ನಿಲ್ಲಿಸಿ ಸಾಹೇಬರ ಮಾರಿ ಮೂಡಿಸಿದರು. ಗಟಾರೆಲ್ಲಾ ಮೀಸಿಗೆ ಹೋದವು. ಕಸದ ಗುಡ್ಡಿ ಗಲ್ಲಕ್ಕ ಕೂತವು. ಎಡಗಣ್ಣಿನ ನಟ್ಟನಡುವ ಹಾಕಾಕ ಅಷ್ಟು ದುಂಡಗ, ಅಷ್ಟು ಕರ್ರಗ ಇದ್ದದ್ದು ಅವಳಿನಗರದಾಗೆಲ್ಲಾ ನಮ್ಮ ತೆಗ್ಗು ಒಂದೇ.

ಉದ್ಘಾಟನೆಯ ಮರುದಿನ, ಹೊಸದಾಗಿ ಸೇರಿದ ನೌಕರನೊಬ್ಬ ಗೊತ್ತಿಲ್ದ ಸಪ್ತಾಪುರದ ಫುಟ್‌ಪಾತ್ ರಿಪೇರಿ ಮಾಡಿಬಿಟ್ಟ. ದೂರು ಮುಗೀತಂತ ಕಂಪ್ಯೂಟರ್ ಆ ಫೋಟೋ ತಾನೇ ಅಳಿಸಿತು. ಸಾಹೇಬರ ಮೂಗಿನ ತುದಿಗೆ ಬಿಳಿ ಮಚ್ಚಿ ಬಿತ್ತು. ಸಾಹೇಬರು ರಜಾ ಹಾಕಿ ಚರ್ಮದ ಡಾಕ್ಟರಿಗೆ ತೋರಿಸಿ ಬಂದರು. ನೌಕರನ್ನ ಅಮಾನತಿನಾಗ ಇಟ್ಟು ಪ್ರಕಟಣೆ ಹೊರಡಿಸಿದರು:

"ಸಾಹೇಬರ ಮುಖದಲ್ಲಿ ಸೇರ್ಪಡೆಯಾದ ಗುಂಡಿ, ಗಟಾರ ಹಾಗೂ ಕಸವನ್ನು ಸಾರ್ವಜನಿಕರು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ದುರಸ್ತಿ ಅನಿವಾರ್ಯವಾದಲ್ಲಿ, ಅದೇ ಬಣ್ಣದ, ಅದೇ ಅಳತೆಯ ಬದಲಿ ಗುಂಡಿಯನ್ನು ಅರ್ಜಿದಾರರೇ ತೋಡಿಕೊಡತಕ್ಕದ್ದು."

ನಾ ಕಚೇರಿಗೆ ಹೋದೆ. "ಸಾಹೇಬರ, ನನಗ ಗುಲ್ಜಾರಬಿ ಕಟ್ಟಿಮ್ಯಾಲೆ ಕೂತು ಚಹಾ ಕುಡೀಬೇಕಾಗೇತಿ. ತೆಗ್ಗು ಮುಚ್ಚಸ್ರಿ."

"ಅಮ್ಮಾರ, ಯಾರೋ ಬಂದು ಕಣ್ಣು ಮುಚ್ಚರಿ ಅಂದ್ರ ನೀವು ಮುಚ್ಚತೀರೇನು?"

"ನಿದ್ದಿ ಬಂದ್ರ ಮುಚ್ಚತೇನ್ರಿ."

ಸಾಹೇಬರು ಅಂಬರೀಷನ ಮಾರಿ ನೋಡಿದರು. ಅಂಬರೀಷ ನನ್ನ ಮಾರಿ ನೋಡಿದ. "ಆಯಿ, ನಿಮ್ಮ ಪಡಸಾಲ್ಯಾಗ ಜಾಗಾ ಐತೇನ್ರಿ? ಬದಲಿ ತೆಗ್ಗು ಅಲ್ಲೇ ತೋಡಿಬಿಡ್ರಿ. ಓಣ್ಯಾಂದು ನಾಳೆನೇ ಮುಚ್ಚತೇವಿ."

"ಮತ್ತ ನಾ ಮನೀ ಹೊರಗ ಹೆಂಗ ಬರ್ಲೆಪ್ಪಾ?"

ಅವ ಖರೇನೇ ವಿಚಾರ ಮಾಡಿದ. "ಅದು ನಮ್ಮ ವಿಭಾಗಕ್ಕ ಬರೂದಿಲ್ರಿ."

ಸಾಹೇಬರು ಕೆಟ್ಟವರಲ್ಲ. ತಮ್ಮ ಕಣ್ಣು ಕತ್ತಲ್ಯಾಗ ಇರೂದು ಅವರಿಗೂ ಸರಿ ಅನಸಲಿಲ್ಲ. ಎಷ್ಟು ಬೇಡಿದರೂ ಬರದ ಬೀದಿದೀಪ ಮರುದಿನ ತೆಗ್ಗಿನ ಮ್ಯಾಲೆ ಬಂತು. ಸುತ್ತ ಬೇಲಿ ಬಂತು. ದಿನಾ ಕಸ ಹೊಡಿಯೋರು ಬಂದರು, ತೆಗ್ಗಿನ ಸುತ್ತ ಅಷ್ಟೇ ಹೊಡದು ಹೋದರು. ಲಕಮನಹಳ್ಳಿ ಬೀಗರು ನೋಡಾಕ ಬಂದು, "ನಮ್ಮದು ಬರೇ ಮೀಸಿ ಬಿಡ್ರಿ, ನಿಮ್ಮದು ಕಣ್ಣು" ಅಂತ ಸಣ್ಣ ಮಾರಿ ಮಾಡಿದರು. ಕರುಣಾಗ ಬರೋ ಸಂಬಂಧದವರೂ, "ಕಣ್ಣಿನ ಓಣಿಯವರು" ಅಂತ ಮೊದಲೇ ಗುರುತು ಹೇಳಾಕತ್ತರು.

ಹಿಂಗಿರಬೇಕಾದರ ಪೈಪ್ ತರಾಕ ಹೋದವರು ಪೈಪ್ ತಗೊಂಡು ಬಂದರು. ನನ್ನ ಎದಿ ಹಗುರಾತು. ಸೆರಗು ಸರಿ ಮಾಡಿಕೊಂಡು ದಂಡಿಗೆ ನಿಂತೆ. ಆ ದಂಡಿಯಿಂದ ಗುಲ್ಜಾರಬಿ ಪೈಪಿನವರಿಗೆ ಕೈ ಅಡ್ಡ ಹಿಡದಳು.

"ಸಾಹೇಬರ ಕಣ್ಣಾಗ ಪೈಪ್ ತುರಕಾಕ ಬಂದೀರೇನು? ನಡೀರಿ ಅತ್ತಾಗ."

"ಯಾಕ, ಗುಲ್ಜಾರಬಿ," ಅಂದೆ, "ನಾ ಚಹಾಕ್ಕ ಬರೂದು ಬ್ಯಾಡೇನು ನಿನಗ?"

"ಮುಚ್ಚಿದರ ದೀಪಾ ಒಯ್ತಾರ, ಉಡಚವ್ವಾ. ಕಣ್ಣು ಮಸುಕಾಗ್ಯಾವ ನನಗ. ಆ ಬೆಳಕಿನಾಗ ನಿನ್ನ ಮಾರಿ ಆದ್ರೂ ಕಾಣತೈತಿ."

ನಾ ದಂಡಿ ಬಿಟ್ಟು ಹಿಂದ ಸರದೆ. ಪೈಪಿನವರು ಬೋರ್ಡ್ ಓದಿ, ತೆಗ್ಗಿಗೆ ಕೈಮುಗದು, ಪೈಪ್ ಅಲ್ಲೇ ಒರಗಿಸಿ ಹೋದರು.

ಈಗ ಬಾವಿ ನೀರು ಸೇದೋ ಹಳೇ ಗಡಗಡಿ ತಂದು ಈ ಕಟ್ಟಿಯಿಂದ ಆ ಕಟ್ಟಿಗೆ ಹಗ್ಗ ಕಟ್ಟೇವಿ. ಸಂಜೀಕ ದೀಪ ಹತ್ತಿದಕೂಡ್ಲೆ ಗುಲ್ಜಾರಬಿ ಚಹಾದ ತಂಬಿಗಿ ಕಳಸತಾಳ. ಅರ್ಧ ತೆಗ್ಗಿಗೆ ಚೆಲ್ಲತೈತಿ, ಅರ್ಧ ನನಗ ಮುಟ್ಟತೈತಿ. ಮೊನ್ನೆ ಕಚೇರಿಯಿಂದ ನೋಟೀಸ್ ಬಂದಿತ್ತು, ಹಾಲು ಬಿದ್ದರ ಸಾಹೇಬರ ಕಣ್ಣಿಗೆ ಪೊರಿ ಬರೋ ಸಂಭವ ಐತಂತ. ಅದೂ ಖರೇನೇ ಅಲ್ಲೇನು. ಆವತ್ತಿನಿಂದ ನಮ್ಮ ಓಣಿಯಾಗ ಎಲ್ಲಾರೂ ಕರೀ ಚಹಾ ಕುಡೀತೀವಿ.